ದ್ರಾವಕದ ಸಾಲು

ಬೀರುವಿಗೆ ಎರಡು ಬೀಗ. ಒಂದರ ಕೀಲಿ ನನ್ನ ಕೊರಳಲ್ಲಿ,
ಇನ್ನೊಂದು ಕೆಳಮಹಡಿಯ ಹೈನೆಕ್‌ನ ಜೇಬಲ್ಲಿ.
ಮಾತು ಬಿಟ್ಟ ಗಂಡಹೆಂಡಿರ ಹಾಗೆ
ಜೊತೆಗೆ ಬಂದು, ಬೇರೆ ಬೇರೆ ತಿರುಗಿಸಿ, ಜೊತೆಗೆ ಹೋಗುತ್ತೇವೆ.
ಒಳಗೆ ಕಿರುಬೆರಳಿನಷ್ಟು ಸೀಸೆ;
ತಳದಲ್ಲಿ ಎಳ್ಳುಗಾತ್ರದ, ಜೇನುಬಣ್ಣದ ಅಂಟು.
ಒಂದು ಮಡಿ ಭಂಗಿಗಿಡ ಹಿಂಡಿ, ಸೋಸಿ, ಮತ್ತೆ ಸೋಸಿ
ಉಳಿಸಿಕೊಂಡದ್ದು ಇಷ್ಟು.
ಪೊಲೀಸರ ದಪ್ಪ ಪುಸ್ತಕದಲ್ಲಿ ಇದಕ್ಕೆ ನಾಲ್ಕು ಕಾಲಂ:
ಬಂದದ್ದು, ತೂಗಿದ್ದು, ಕರಗಿಸಿದ್ದು,
ಚಮಚಕ್ಕೆ ಮೆತ್ತಿಕೊಂಡು ಹೋದದ್ದು.

ಓಲೊಮೌಟ್ಸ್ ಊರಿನ ಮೇಲೆ ಹಿಮ ಬೀಳುವಾಗಲೂ
ನನ್ನ ಪೆಟ್ಟಿಗೆಯೊಳಗೆ ಮೂವತ್ತೇಳು ಡಿಗ್ರಿ, ಮೈಶಾಖ.
ಅಲ್ಲಿ ಬದುಕುತ್ತವೆ ಅವು,
ಯಾರದೋ ಮಿದುಳಿನ ಏಡಿಗಂತಿಯ ಕಣಗಳು.
ಯಾರದೋ. ನಾನು ಶಾಲೆಗೆ ಹೋಗುತ್ತಿದ್ದಾಗಲೇ ತೀರಿಕೊಂಡ ಒಬ್ಬನದು;
ಅವನು ಮಣ್ಣಾದ, ಇವು ಆಗಲಿಲ್ಲ.
ದಿನ ಬಿಟ್ಟು ದಿನ ಗುಲಾಬಿ ಬಣ್ಣದ ಗಂಜಿ ಉಣಿಸುತ್ತೇನೆ.
ಭಾನುವಾರವೂ ಬರುತ್ತೇನೆ. ಇಪ್ಪತ್ತೊಂಬತ್ತು ವರ್ಷ.
ನನ್ನ ಮಗನಿಗೆ ಇಷ್ಟು ಹೊತ್ತುಹೊತ್ತಿಗೆ ಬಡಿಸಿದ್ದಿಲ್ಲ
ಎಂದು ಅವನೇ ಹೇಳುತ್ತಾನೆ, ನಗುತ್ತಾ, ಪೂರ್ತಿ ನಗದೆ.

ಫೋನು ಬಂತು ಶ್ಟೆರ್ನ್‌ಬೆರ್ಕ್‌ನಿಂದ. ಜೇನು ಸಾಕುವವನಂತೆ, ವೊಂದ್ರಾಚೆಕ್.
“ಗಡ್ಡೆ ಸತ್ತಿತಂತೆ, ಪೇಪರಿನಲ್ಲಿ ಹಾಕಿದ್ದಾರೆ.”
ತಟ್ಟೆಯಲ್ಲಿ, ಸ್ವಾಮಿ, ಎಂದೆ. ತಟ್ಟೆಯಲ್ಲಿ ಸಾಯಿಸುವುದೇನು ಮಹಾ,
ನಲ್ಲಿನೀರು ಸಾಯಿಸುತ್ತದೆ, ಉಪ್ಪು ಸಾಯಿಸುತ್ತದೆ,
ನಾನು ಒಂದೆರಡು ಭಾನುವಾರ ಮಲಗಿಬಿಟ್ಟರೆ ಸಾಕು.
ಅತ್ತ ಕಡೆ ಬಹಳ ಹೊತ್ತು ಉಸಿರು ಮಾತ್ರ.
“ನನ್ನ ಅನೆಶ್ಕಾಗೆ ಹತ್ತೊಂಬತ್ತು,” ಎಂದ,
ಅದೇ ಉತ್ತರ ಎಂಬಂತೆ.

ಮಾರ್ಚ್‌ನಲ್ಲಿ, ಅಳಗುಳಿಮಣೆಯಂಥ ತೊಂಬತ್ತಾರು ಗುಳಿಯ ತಟ್ಟೆ.
ಹಳದಿ ಬಣ್ಣ ಹಾಕುತ್ತೇವೆ; ಬದುಕಿದ್ದದ್ದು ಅದನ್ನು ನೇರಳೆ ಮಾಡುತ್ತದೆ,
ಸತ್ತದ್ದು ಹಳದಿಯಾಗಿಯೇ ಬಿಡುತ್ತದೆ.
ನಾಲ್ಕನೆಯ ಸಾಲು ಪೂರ್ತಿ ಹಳದಿ. ಸಾಸಿವೆ ಹೊಲ.
ಓತಕಾರ್, ಇಪ್ಪತ್ತಾರರ ಹುಡುಗ,
ಕೈಗವಸು ಹಾಕಿಕೊಂಡೇ ಚಪ್ಪಾಳೆ ತಟ್ಟಿದ.
ಹೈನೆಕ್ ಕೂಡ ಮೇಲೆ ಬಂದು ನೋಡಿದ, ಕೀಲಿಯಿಲ್ಲದೆ.
ನಾನು ನೋಡಿದ್ದು ಎಂಟನೆಯ ಸಾಲು,
ಮದ್ದೇ ಇಲ್ಲದ, ಮದ್ದು ಕರಗಿಸುವ ಬರೀ ಮದ್ಯಸಾರ ಬಿದ್ದ ಸಾಲು.
ಅದೂ ಹಳದಿ.

ಹತ್ತು ಪಟ್ಟು ಹೆಚ್ಚು ಸುರಿದಿದ್ದೆ. ನಾನೇ. ಒಂದು ಸೊನ್ನೆಯ ಅಂತರ.
ಅವತ್ತು ಕಿವಿಯಲ್ಲಿ ಆ ಉಸಿರು ಇತ್ತು ಎಂದು
ಯಾವ ಕಾಲಂನಲ್ಲಿ ಬರೆಯಲಿ?
ಬಾಯಿ ಮುಚ್ಚಿಕೊಳ್ಳಬಹುದಿತ್ತು, ಚಪ್ಪಾಳೆ ಮುಗಿಯುವವರೆಗಾದರೂ.
ಹೇಳಿದೆ.

ಮತ್ತೆ ಮಾಡಿದೆವು. ಮತ್ತೆ. ಮೂರನೆಯ ಸಲ
ಎಂಟನೆಯ ಸಾಲು ಕಡುನೇರಳೆ, ಗಟ್ಟಿಮುಟ್ಟು.
ನಾಲ್ಕನೆಯದು ಒಂದಿಷ್ಟು ಮಾಸಲು,
ತುಂಬ ಸಲ ಒಗೆದ ಪರದೆಯ ಬಣ್ಣ.
ಅಷ್ಟೇ.
ಆದರೆ ಅಷ್ಟಂತೂ ನಿಜ.

ಮೇ ತಿಂಗಳಲ್ಲಿ ಅವನೇ ಬಂದ,
ಟೋಪಿ ಕೈಯಲ್ಲಿ, ಕಂಕುಳಲ್ಲಿ ಜೇನಿನ ಜಾಡಿ.
ಒಂದು ಹನಿ ಕೊಡಿ ಅಂದರೆ ಏನನ್ನಬೇಕೆಂದು
ಮೆಟ್ಟಿಲ ಸದ್ದು ಕೇಳಿದಾಗಲೇ ಗಟ್ಟಿಮಾಡಿಕೊಂಡಿದ್ದೆ.
ಕೇಳಲಿಲ್ಲ. ಕಿಟಕಿಯ ಬೆಳಕಿಗೆ ತಟ್ಟೆ ಹಿಡಿದೆ.
ಬೆರಳು ತಾಗಿಸದೆ, ಎರಿಯ ಕಣ್ಣು ಎಣಿಸುವ ಹಾಗೆ ಎಣಿಸಿದ.
“ಮಾಸಿದ್ದು ಇದಾ?”
“ಅದೇ.”
“ಇಷ್ಟಕ್ಕೆ ಎಷ್ಟು ದಿನ ಹಿಡಿಯಿತು?”
ಹೇಳಿದೆ. ತಲೆಯಾಡಿಸಿದ, ಕಸುಬುದಾರನ ತಲೆಯಾಡಿಕೆ.
“ಅವಳಿಗೀಗ ಸಿಹಿ ಸೇರುವುದಿಲ್ಲ, ನೀವು ತಿನ್ನಿ,”
ಎಂದ, ಜಾಡಿಯನ್ನು ಮೇಜಿಗಿಟ್ಟು.

ಅವತ್ತು ಬೀರು ತೆರೆಯಬೇಕಿತ್ತು. ಹೈನೆಕ್ ಬಂದ.
ಚಮಚಕ್ಕೆ ಮೆತ್ತಿದ್ದು: ಪಾಯಿಂಟ್ ಮೂರು ಮಿಲಿಗ್ರಾಂ
ಎಂದು ಬರೆದು ಸಹಿ ಹಾಕಿದೆ, ಯಾರ್ಮಿಲಾ.
ಅವನು ಜಾಡಿಯ ಕಡೆ ನೋಡಿದ,
ಇದಕ್ಕೂ ಬೀಗ ಬೇಕೇ ಎಂಬಂತೆ.
ಪೆಟ್ಟಿಗೆಯಲ್ಲಿ ನಾಲ್ಕು ಹೊಸ ತಟ್ಟೆ.
ನಾಳೆ ಭಾನುವಾರ.