ಗೂಡಿನ ಬಣ್ಣ

ಶಿಡ್ಲಘಟ್ಟದ ಛತ್ರ, ಬೆಳಗಿನ ಜಾವ ಮೂರೂವರೆ.
ಹೆಣ್ಣಿನ ಕೋಣೆಯಲ್ಲಿ ಒಂದೇ ಪ್ಲಗ್ಗು,
ಅದಕ್ಕೂ ಯಾರದೋ ಫೋನು ಜೋತುಬಿದ್ದಿದೆ.
ಅದನ್ನು ಕಿತ್ತು ನನ್ನ ಡ್ರೈಯರು ಸಿಕ್ಕಿಸುತ್ತೇನೆ.
ಮುಹೂರ್ತ ಆರೂ ಹತ್ತಕ್ಕೆ. ಹುಡುಗಿ ಇನ್ನೂ ಆಕಳಿಸುತ್ತಿದ್ದಾಳೆ.

ಹನ್ನೊಂದು ವರ್ಷದಿಂದ ಇದೇ ಕೆಲಸ,
ಚಿಂತಾಮಣಿ, ವಿಜಯಪುರ, ಮುಳಬಾಗಿಲ ತನಕ.
ಥೀಮು ಅಂದರೆ ನನಗೇನು ಹೊಸದಲ್ಲ.
ನವಿಲು ನೋಡಿದೆ, ಅರಮನೆ ನೋಡಿದೆ,
ಥರ್ಮಾಕೋಲಿನ ಆನೆಯ ಸೊಂಡಿಲು ಮುರಿದು
ಮದುಮಗನ ತೊಡೆ ಮೇಲೆ ಬಿದ್ದದ್ದೂ ನೋಡಿದೆ.
ಆದರೆ ಭಾರ್ಗವಿ ನನ್ನ ಪಾರ್ಲರಿಗೆ ಬಂದು
ಪರ್ಸಿನಿಂದ ತೆಗೆದಿಟ್ಟದ್ದು ಫೋಟೋ ಅಲ್ಲ,
ಒಂದು ರೇಷ್ಮೆಗೂಡು.
ನನ್ನ ಕಿವಿ ಹತ್ತಿರ ಅಲ್ಲಾಡಿಸಿದಳು. ಒಳಗೆ ಕಟಕಟ.
"ಇದೇ ಅಕ್ಕಾ, ಥೀಮು."

ಆಮೇಲೆ ಎರಡು ತಿಂಗಳು ಜಗಳ.
ಅಪ್ಪ ಗಂಗುಲಪ್ಪ: "ದಿನಾ ನೋಡೋದು ಸಾಲ್ದಾ,
ಮದುವೇಲೂ ಅದೇನಾ? ಅರಮನೆ ಹಾಕ್ಸೋಣ ಬಾ."
ಅಜ್ಜಿ: "ಬಿಳಿ ಸೀರೆ ನಮ್ಮಲ್ಲಿ ಆಗಿಬರಲ್ಲ.
ಗೂಡಿನ ಬಣ್ಣವೇ ಬೇಕಾದ್ರೆ ಮಿಶ್ರತಳಿ ಗೂಡು ಐತಲ್ಲ,
ಹಳದಿ, ಶುಭ."
ಅಮ್ಮ, ಒಲೆ ಮುಂದಿನಿಂದ ತಿರುಗದೆ:
"ಕುದಿನೀರಿಗೆ ಹಾಕಿ ಅಂಟು ಬಿಡಿಸಿದ್ರೆ
ಹಳದೀದೂ ಬಿಳೀನೇ ಅತ್ತೆ."
ಇದಕ್ಕೆ ಎದುರಾಡಲು ಆ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಅಂಗಡಿಯಲ್ಲಿ ಹದಿನೇಳು ಬಿಳಿ ಹರಡಿಸಿದಳಂತೆ ಹುಡುಗಿ,
ಅಮ್ಮನ ಕೈಯನ್ನು ಒಂದೊಂದರ ಮೇಲೂ ಇಟ್ಟು ಇಟ್ಟು ನೋಡಿ
ಹದಿನೆಂಟನೆಯದು ಒಪ್ಪಿದಳಂತೆ.
ಅಜ್ಜಿ ಸೆರಗಿನ ಮೂಲೆಗೆ ಅರಿಶಿನ ಹಚ್ಚಿದಳು,
ಸಾಲದೆಂದು ಇನ್ನೊಂದು ಮೂಲೆಗೂ.

ಈಗ ವೇದಿಕೆಯ ಹಿಂದೆ ಇಪ್ಪತ್ತೆರಡು ಚಂದ್ರಿಕೆ,
ಷೆಡ್ಡಿನ ಅಟ್ಟದಿಂದ ಇಳಿಸಿ, ತೊಳೆದು, ಒಣಗಿಸಿದ್ದು.
ಬಿದಿರಿನ ಸುರುಳಿಗಳ ಸಂದಿನಲ್ಲಿ ಕಿರುದೀಪ.
ಮೂಗು ಚುರುಕಾದವರಿಗೆ ಇನ್ನೂ ಹುಳದ ವಾಸನೆ;
ಅದಕ್ಕೆಂದೇ ಸುಗಂಧರಾಜ ಒಂದು ಮಾರು ಹೆಚ್ಚು.
ಮಾರ್ಕೆಟ್ಟಿನ ರೀಲರೊಬ್ಬ ಕಾಫಿ ಹಿಡಿದು
ಮೇಲಿಂದ ಕೆಳಗೆ ನೋಡಿ ಕೇಳುತ್ತಾನೆ:
"ಲಾಟು ಚೆನ್ನಾಗೈತೆ. ಹರಾಜು ಎಷ್ಟೊತ್ತಿಗೆ?"

ನನಗೆ ನಗಲು ಪುರುಸೊತ್ತಿಲ್ಲ.
ಮೂವತ್ತೆಂಟು ಪಿನ್ನು. ಜಡೆಗೆ ಗೂಡು ಕತ್ತರಿಸಿದ ಹೂಗಳು.
ಕಣ್ಣು ಮೇಲೆ. ಕೆಳಗೆ.
ಅಳಬೇಡ, ಕಾಡಿಗೆ ಒಣಗಲಿ, ಆಮೇಲೆ ಅಳು.
ಅಳುವುದಿಲ್ಲ ಅವಳು. "ಇಡ್ಲಿ ಬಂತಾ?" ಅನ್ನುತ್ತಾಳೆ.

ಐದಕ್ಕೆ ಅಮ್ಮ ಬಂದಳು, ಮುನಿಲಕ್ಷ್ಮಮ್ಮ.
ಬಾಗಿಲಲ್ಲೇ ನಿಂತು, ಬೇರೆ ಯಾರಿಗೋ ಕೇಳುವವಳಂತೆ:
"ಟೈಮಿದ್ರೆ... ನನಗೂ ಒಂಚೂರು..."
ಕೂರಿಸಿದೆ. ಮದರಂಗಿ ಹೇಗೆ ಬಂದಿದೆಯೆಂದು ಕೈ ತಿರುಗಿಸಿದೆ.
ಅಂಗೈ ಕಡುಕೆಂಪು.
ಬೆರಳ ತುದಿಗಳಲ್ಲಿ ಮಾತ್ರ ಏನೂ ಹಿಡಿದಿಲ್ಲ.
ಇಪ್ಪತ್ತಾರು ವರ್ಷ ಕುದಿನೀರಿನಲ್ಲಿ
ಎಳೆಯ ತುದಿ ಹುಡುಕಿದ ಬೆರಳು, ಗೆರೆಯಿಲ್ಲ, ಸುಳಿಯಿಲ್ಲ.
"ರೇಷನ್ ಅಂಗಡಿ ಮಿಷನ್ನಿಗೂ ನಾನು ಗೊತ್ತಿಲ್ಲಮ್ಮ.
ಇವಳ ಹೆಬ್ಬೆಟ್ಟಲ್ಲೇ ಇಷ್ಟು ದಿನ ಅಕ್ಕಿ ತಂದಿದ್ದು.
ಮುಂದಿನ ತಿಂಗಳಿಂದ ಏನೋಪ್ಪ" ಎಂದು ನಕ್ಕಳು.

ಕನ್ನಡಿಯೊಳಗೆ ಭಾರ್ಗವಿ
ಅರ್ಧ ಬಣ್ಣದ ತುಟಿ ಬಿಗಿದಳು.

ನೆರಿಗೆ ಹಿಡಿಯಲು ನನಗೆ ಎರಡು ಕೈ ಸಾಲದು.
"ನೀವೇ ಹಿಡೀರಿ ಅಮ್ಮಾ" ಎಂದೆ.
ಏಳು ನೆರಿಗೆ, ಒಂದರ ಮೇಲೊಂದು, ಕೂದಲೆಳೆ ತಪ್ಪದಂತೆ.
ಬಗ್ಗಿ ಪಿನ್ನು ಹಾಕುವಾಗ ನೋಡಿದೆ:
ಬೆರಳು ಎಲ್ಲಿ ಮುಗಿದು
ಸೀರೆ ಎಲ್ಲಿ ಶುರುವಾಗುತ್ತದೆಂದು
ನನ್ನ ಕಣ್ಣಿಗೆ, ಹನ್ನೊಂದು ವರ್ಷದ ಕಣ್ಣಿಗೆ, ತಿಳಿಯಲಿಲ್ಲ.

ಹೊರಗೆ ಓಲಗ ಶ್ರುತಿ ಹಿಡಿಯಿತು.
ಯಾರೋ ಬಾಗಿಲು ಬಡಿದರು: "ಹುಡುಗಿ ರೆಡಿನಾ?"
"ಇನ್ನು ಹತ್ತು ನಿಮಿಷ" ಎಂದು ಕೂಗಿದೆ.
ಪಿನ್ನು ಹಾಕಿ ಆಗಿತ್ತು.