ಬಾಬಿನ್

ಮಾಚೇನಹಳ್ಳಿ ಗಾರ್ಮೆಂಟ್ಸಿನ ಏಳನೇ ಲೈನಿನಲ್ಲಿ
ನನ್ನದು ಕಾಲರು, ಪಕ್ಕದ ಬಿಲ್ಕಿಸಳದು ಕಫ್ಫು.
ಗಂಟೆಗೆ ಅರವತ್ತು ಎನ್ನುತ್ತದೆ ಬೋರ್ಡು;
ಐವತ್ತೆರಡಕ್ಕೇ ನನ್ನ ಕೈಗೆ ಏದುಸಿರು.

ಆಯನೂರಿನ ಬಸ್ಸು ಕೈಕೊಟ್ಟ ದಿನ ಶುರುವಾದದ್ದು:
ಓಡಿ ಬಂದು ಕೂತರೆ ನನ್ನ ಮಿಷನ್ನಿನ ಮೇಲೆ
ಸುತ್ತಿಟ್ಟ ಬಾಬಿನ್, ಆ ದಿನದ ಬಣ್ಣದ್ದೇ.
ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.
ಸೂಪರ್‌ವೈಸರ್ ರುದ್ರೇಶಿಯ ಲೆಕ್ಕದಲ್ಲಿ
ಬಾಬಿನ್ ಸುತ್ತುವ ಹೊತ್ತು ಹೊತ್ತೇ ಅಲ್ಲ.

ಆಮೇಲೆ ಚೀಟಿಯ ಜಗಳ. ಕ್ಯಾಂಟೀನಿನ ನಲ್ಲಿ ಹತ್ತಿರ
ಆರುನೂರು ರೂಪಾಯಿಗೆ ನಾನು ಅವಳ ತಾಯಿಯನ್ನೂ ಎಳೆದೆ,
ಅವಳು ನನ್ನ ಗಂಡನನ್ನು.
ಮಾತು ಬಿಟ್ಟು ಇಪ್ಪತ್ತು ದಿನ.
ಊಟಕ್ಕೆ ಕೂರುವುದು ಒಂದೇ ಬೆಂಚು,
ನಡುವೆ ಟಿಫಿನ್ ಡಬ್ಬಿಯಷ್ಟೆತ್ತರದ ಗೋಡೆ.

ಬಾಬಿನ್ ಮಾತ್ರ ತಪ್ಪಲಿಲ್ಲ.
ಸಾಕು ಈ ಋಣ, ನಾನೇ ಸುತ್ತಿಕೊಳ್ಳುತ್ತೇನೆ ಎಂದು
ಇವತ್ತು ಮೊದಲ ಬಸ್ಸಿಗೇ ಹತ್ತಿದೆ.
ಫ್ಯಾನೂ ತಿರುಗಿರಲಿಲ್ಲ ಇನ್ನೂ.
ಅವಳು ಬೆನ್ನು ಮಾಡಿ ಸೂಜಿ ಬದಲಿಸುತ್ತಿದ್ದಳು.

ಆರುನೂರು ಬಂದಿಲ್ಲ. ಬಿಡುವವಳೂ ಅಲ್ಲ ನಾನು.
ಬಾಬಿನ್ ಅಲ್ಲೇ ಇತ್ತು, ಕಡುನೀಲಿ,
ದಾರದ ತುದಿ ಎರಡಿಂಚು ಹೊರಗೆಳೆದು,
ನನ್ನ ಮಂದಗಣ್ಣು ಹುಡುಕದಿರಲೆಂದು.