ಟೇಪಿನ ಹಿಂದಿನ ಮಗ್ಗಲು

ಮಷೀನಿಗೂ ಸ್ಟೂಲಿಗೂ ನಡುವ
ದೀಪಾವಳಿಗೆ ಒಂದು ಗೇಣು ಇತ್ತು.
ಈಗ ಏಳು ಮುಗದು ಎಂಟರಾಗ ಬಿದ್ದೀನಿ.
ಸ್ಟೂಲು ಹಿಂದ ಸರಕೋತ ಸರಕೋತ
ಗ್ವಾಡಿಗೆ ಬೆನ್ನು ಹತ್ಯಾದ.
ಇನ್ನ ಸರೀಬೇಕಂದ್ರ ಗ್ವಾಡಿನೇ ಸರೀಬೇಕು, ಗುರುಶಾಂತ,
ಬಾಡಿಗಿ ಗ್ವಾಡಿ, ಅದೇನು ಸರೀತದ?

ಮೇ ತಿಂಗಳ ಸೊಲ್ಲಾಪುರ.
ತಗಡಿನ ಕೆಳಗ ಫ್ಯಾನು ಬಿಸಿ ಗಾಳೀನ
ಹೊಳ್ಳಿಸಿ ಹೊಳ್ಳಿಸಿ ಹಾಕ್ತದ, ರೊಟ್ಟಿಯಂಗ.
ಜೂನಿಗೆ ಸಾಲಿ ಚಾಲೂ.
ಮಾಲಕ ಕಳಿಸಿದ ಗಂಟಿನಾಗ ಇನ್ನೂ
ಇನ್ನೂರಾ ಹತ್ತು ನೀಲಿ ಚಡ್ಡಿ,
ಸೊಂಟ ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತನಾಲ್ಕು.
ಯಾರ್ಯಾರದೋ ಮಕ್ಕಳ ಸೊಂಟ ಕೂಡಸ್ತೀನಿ,
ನನ್ನ ಸೊಂಟ ಮಾತ್ರ
ಕಚ್ಚಾ ಟಾಕಿ ಮ್ಯಾಲ ನಿಂತದ.

ಬುಧವಾರಕ್ಕೊಮ್ಮೆ ಸುರೇಖಾತಾಯಿ ಬರ್ತಾಳ.
ಮರಾಠಿಯೊಳಗ ಅಂತಾಳ:
ಒಂದೇ ಕಡಿ ಕೂಡಬ್ಯಾಡ, ತಾಸಿಗೊಮ್ಮೆ ಏಳು, ನಡಿ,
ಎಡಮಗ್ಗಲಾ ಮಲಕೋ, ಕಾಲಿನ ನಡುವ ದಿಂಬು ಇಟಗೋ.
ಅತ್ತಿ ಕನ್ನಡದಾಗ ಅಂತಾಳ:
ಏಳಬ್ಯಾಡ, ಬಗ್ಗಬ್ಯಾಡ, ಕೈ ಮ್ಯಾಲೆತ್ತಿ
ಹಗ್ಗಕ್ಕ ಅರಬಿ ಹಾಕಬ್ಯಾಡ,
ಹುರಿ ಸುತಗೊಂತದ ಕೂಸಿನ ಕೊಳ್ಳಿಗೆ.
ಬಾಜೂ ಮನಿ ಪೋಚಮ್ಮ, ಐದು ಹಡದಾಕಿ,
ಬೀಡಿಮರ ಮಗ್ಗಲಕ ಇಟ್ಟು ಬಂದು
ತೆಲುಗಿನಾಗ ಏನೋ ಅಂದು ನಗತಾಳ.
ಅರ್ಧ ತಿಳೀತದ ನನಗ.
ಉಳದರ್ಧ ಆಕೀ ಹೆಬ್ಬೆರಳು ಹೇಳತದ,
ಟೊಂಕದ ಎರಡೂ ಕುಣಿಯೊಳಗ
ಎಳ್ಳೆಣ್ಣಿ ಒತ್ತಿ ಒತ್ತಿ.

ಶೇಂಗಾ ಚಟ್ನಿ ಬಿಡು ಅಂತಾರ, ಎದಿ ಉರೀತದ ಅಂತ.
ಅದೊಂದು ಕೇಳಬ್ಯಾಡ್ರಿ ನನ್ನ.

ರಾತ್ರಿ ಎರಡಕ್ಕ ಮೀನಖಂಡ ಗಂಟು ಕಟ್ಟತದ,
ಬಾಬಿನದಾಗ ದಾರ ಸಿಕ್ಕಂಗ.
ಗುರುಶಾಂತ ಮಿಲ್ಲಿನಾಗ, ರಾತ್ರಿ ಪಾಳಿ.
ಚೀರಿದ್ರ ಅತ್ತಿ ಎದ್ದು ದೇವರ ದೀಪ ಹಚ್ಚತಾಳ,
ಅದಕ್ಕ ಚೀರೂದಿಲ್ಲ.
ಮಷೀನು ಹಿಡಕೊಂಡು ಎದ್ದು
ಶಹಾಬಾದ ಪರ್ಸಿ ಮ್ಯಾಲ ಹಿಮ್ಮಡ ಊರಿ
ಬೆರಳು ಮ್ಯಾಲಕ್ಕೆತ್ತಿ ನಿಲ್ಲತೀನಿ.
ಕಲ್ಲಿನ ತಂಪು ಹಗೂರಕ ಏರತದ.
ಗಂಟು ಬಿಡತದ.
ಹೊರಗ ಯಾರದೋ ಮಗ್ಗ ಖಟಾಖಟ್,
ಖಟಾಖಟ್, ನಿದ್ದಿ ಇಲ್ಲದ ಊರು.

ಸಿವಿಲ್ ಆಸ್ಪತ್ರಿಯೊಳಗ ನರ್ಸಬಾಯಿ
ನನ್ನ ಹೊಟ್ಟಿ ಮ್ಯಾಲ ಟೇಪು ಇಟ್ಟಳು.
ಸೊಟ್ಟ ಇಟ್ಟಳು.
ನನಗ ತಡಿಯಾಕ ಆಗಲಿಲ್ಲ.
ಬಾಯಿ, ಸಡಲ ಬಿಟ್ಟೀರಿ, ಎಳೀರಿ ಚೂರು, ಅಂದೆ.
ಸಾಲಿನಾಗ ನಿಂತ ಬಸುರಿಗೋಳೆಲ್ಲಾ ನಕ್ಕರು,
ಒಬ್ಬಾಕಿ ನಕ್ಕೋತ ಟೊಂಕ ಹಿಡಕೊಂಡಳು.
ಮೂವತ್ತೆರಡು, ಅಂದಳು ನರ್ಸಬಾಯಿ.
ಮೂವತ್ತೆರಡು ಇಂಚ?
ಇಲ್ಲವಾ, ಹಿಂದಿನ ಮಗ್ಗಲು, ಸೆಂಟಿಮೀಟರು.
ಮೂವತ್ತೆರಡು ವಾರಕ್ಕ ಮೂವತ್ತೆರಡು. ಬರೋಬ್ಬರಿ ಅದ.

ಹದಿಮೂರು ವರ್ಷ ಕೊಳ್ಳಾಗ ಹಾಕ್ಕೊಂಡು ತಿರಗೀನಿ,
ಒಂದಿನಾರ ಹೊಳ್ಳಿಸಿ ನೋಡಿದ್ದಿಲ್ಲ ಆ ಮಗ್ಗಲು.

ಈಗ ತಾಸು ಲೆಕ್ಕ ನನಗ ಬ್ಯಾಡ.
ಆರು ಚಡ್ಡಿ ಮುಗದ್ರ ಏಳತೀನಿ.
ಬಾಗಲದಿಂದ ನಳದ ತನಕ, ನಳದಿಂದ ಬೇವಿನ ಗಿಡದ ತನಕ,
ಬಾವು ಬಂದ ಕಾಲಿಗೆ ಗುರುಶಾಂತನ ಚಪ್ಪಲಿ,
ನನ್ನವು ಹಿಡಿಯೂದಿಲ್ಲ.
ಅತ್ತಿ ಹೊಸ್ತಿಲದಾಗ ನಿಂತು ಬೈತಾಳ,
ಬೈಕೋತ ತಾನೂ ಎರಡು ಹೆಜ್ಜಿ ಬರ್ತಾಳ,
ಬಿದ್ದಗಿದ್ದೀಯ ಅಂತ.
ಆಕೀ ಮಣಕಾಲೂ ಹಿಡದಾವ, ನಾ ಏನೂ ಅನ್ನೂದಿಲ್ಲ,
ಸಣ್ಣಗ ನಡೀತೀನಿ.

ಕಾಲು ಪಟ್ಟಿ ತುಳಿಯೂತನಕ ಒಳಗ ಮಲಗಿರತದ.
ಮಷೀನು ನಿಂತ್ರ ಎದ್ದು ಒದೀತದ,
ದಾರ ಹರೀತೇನ, ಯಾಕ ನಿಂದ್ರಿಸಿದಿ, ಅಂದಂಗ.
ತಡಿಯೋ, ಇನ್ನ ನೂರಾ ತೊಂಬತ್ತೆಂಟು ಅದಾವ.
ನೀರು ಕುಡದು ಬರ್ತೀನಿ.